ಕೆರೆ ತುಂಬಿದರೆ ಸಾಲದು, ಅಂಚು ಒಣಗಬೇಕು

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ: ಎರಡನ್ನೂ ಜನ ಕಟ್ಟಿಕೊಂಡಿದ್ದು ಬೇಸಾಯಕ್ಕೆ. 2024ರ ಜನವರಿಯಲ್ಲಿ ಎರಡೂ ಒಟ್ಟಿಗೇ ರಾಮ್ಸಾರ್ ಪಟ್ಟಿ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳೆಂಬ ಮಾನ್ಯತೆ ಪಡೆದವು. ಆದರೆ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡ. ಮಾಗಡಿಗೆ ಪ್ರತಿ ಚಳಿಗಾಲದಲ್ಲೂ ಹಿಮಾಲಯ ದಾಟಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ಬಯಲು ದಡದಲ್ಲಿ ವಿಶ್ರಮಿಸುತ್ತವೆ. ನಾಲ್ಕೂ ದಿಕ್ಕು ಕಣ್ಣಿಗೆ ಬೀಳುವಂಥ ಜಾಗ ಈ ಹಕ್ಕಿಗೆ ಬೇಕು. ಅಂಕಸಮುದ್ರದ ಬಲ ಇರುವುದು ನೀರಿನೊಳಗೆ ನಿಂತ ಕರಿಜಾಲಿ ಮರಗಳಲ್ಲಿ. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆ ಎಲ್ಲವೂ ಗೂಡು ಕಟ್ಟುವುದು ಅವುಗಳ ಮೇಲೆಯೇ. ಮಾಗಡಿಯ ದಡದ ತುಂಬ ಜಾಲಿ ನೆಟ್ಟರೆ ಹೆಬ್ಬಾತು ಬೇರೆ ಕೆರೆ ಹುಡುಕಿಕೊಳ್ಳುತ್ತದೆ, ಅಂಕಸಮುದ್ರದ ಜಾಲಿ ಕಡಿದರೆ ಕೊಕ್ಕರೆ ಹೋಗುತ್ತದೆ.

ಹಾಗಾಗಿ ಕೆರೆಗೆ ಜೀವಜಾಲ ಮರಳಬೇಕು ಎಂದು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿ ಯಾವ ಪ್ರಾಣಿ ಪಕ್ಷಿ ಇದ್ದವು, ಅವುಗಳಲ್ಲಿ ಯಾವುವು ಮರಳಬಹುದು ಎಂಬುದು. ಊರಿನ ಹಿರಿಯರು, ಕುರಿಗಾಹಿಗಳು, ಮೀನು ಹಿಡಿಯುವವರು, ಹಿಂದೆ ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿಯ ಮನೆಯವರು ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲರು. ಬಹುಪಾಲು ಕೆರೆ ಅಭಿವೃದ್ಧಿ ಅಂದಾಜುಪಟ್ಟಿಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ಜೆಸಿಬಿ ಇಳಿಸಿ ಹೂಳೆತ್ತುವುದು, ಅದೇ ಮಣ್ಣಿನಲ್ಲಿ ಸುತ್ತಲೂ ಏರಿ ಕಟ್ಟುವುದು, ಕಲ್ಲು ಹೊದಿಸುವುದು, ಮೇಲೆ ನಡಿಗೆದಾರಿ, ತಂತಿಬೇಲಿ, ನಡುವೆ ಒಂದು ದುಂಡು ದ್ವೀಪ. ಕೆಲಸ ಮುಗಿದ ಮೇಲೆ ನೀರು ನಿಲ್ಲುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ನಾಲ್ಕಾರು ನೀರುಕಾಗೆ, ಒಂದಷ್ಟು ನಾಮದ ಕೋಳಿ ಬಿಟ್ಟರೆ ಬೇರೆ ಹಕ್ಕಿ ಇರುವುದಿಲ್ಲ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವುಗಳ ಮೇಲೆ ಖರ್ಚಾಗುವ ಹಣದಲ್ಲಿ ಒಂದು ಪಾಲಾದರೂ ಸರಿಯಾದ ಕಡೆ ಬಿದ್ದರೆ ಏನೆಲ್ಲ ಮರಳಬಹುದು ಎಂಬುದನ್ನು ಯೋಚಿಸಿ ಈ ವಿವರಗಳನ್ನು ಬರೆಯುತ್ತಿದ್ದೇವೆ.

ಆಳದ ಲೆಕ್ಕ

ನೀರಹಕ್ಕಿಗಳು ಒಂದೇ ಕೆರೆಯನ್ನು ಆಳದ ಪ್ರಕಾರ ಹಂಚಿಕೊಳ್ಳುತ್ತವೆ. ಚಳಿಗಾಲಕ್ಕೆ ಬರುವ ಸಣ್ಣ ಗೊರವಗಳಿಗೆ ಬೇಕಾದದ್ದು ಒದ್ದೆ ಕೆಸರಿನಿಂದ ಹಿಡಿದು ಮೂರು ನಾಲ್ಕು ಸೆಂ.ಮೀ. ನೀರು. ಮೆಟ್ಟುಗಾಲು ಹಕ್ಕಿ ಹತ್ತು ಹದಿನೈದು ಸೆಂ.ಮೀ. ವರೆಗೆ ಇಳಿಯುತ್ತದೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ ಮೀನು ಹಿಡಿಯುವುದು ಹತ್ತರಿಂದ ಮೂವತ್ತು ಸೆಂ.ಮೀ. ನೀರಿನಲ್ಲಿ. ವರಟೆ, ಸೂಜಿಬಾಲದ ಬಾತುಗಳು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುವುದೂ ಹೆಚ್ಚುಕಡಿಮೆ ಇದೇ ಆಳದಲ್ಲಿ. ದೇವನಕ್ಕಿಗೆ ನೈದಿಲೆ, ತಾವರೆ ಎಲೆ ಹರಡಿಕೊಳ್ಳುವ ಅರ್ಧದಿಂದ ಒಂದು ಮೀಟರ್ ಆಳ ಬೇಕು. ಗುಳುಮುಳುಕ, ನಾಮದ ಕೋಳಿ ಅದಕ್ಕಿಂತ ಒಳಗೆ ಹೋಗುತ್ತವೆ. ನೀರುಕಾಗೆಗೆ ಆಳವಾದ ನೀರೂ ಆದೀತು. ಎಂದರೆ ಒಂದು ಮೊಳಕ್ಕಿಂತ ಕಡಿಮೆ ನೀರಿರುವ ಅಂಚಿನಲ್ಲೇ ಅತಿ ಹೆಚ್ಚು ಬಗೆಯ ಹಕ್ಕಿಗಳ ಊಟವಿದೆ. ಜೆಸಿಬಿ ಮೊದಲು ಕಿತ್ತು ಹಾಕುವುದೂ ಆ ಅಂಚನ್ನೇ.

ಹಳೆಯ ಕೆರೆಗಳಲ್ಲಿ ಏರಿ ಇರುತ್ತಿದ್ದದ್ದು ಒಂದೇ ಕಡೆ, ತಗ್ಗಿನ ಬದಿಗೆ. ಉಳಿದ ಮೂರು ಕಡೆ ನೆಲ ನಿಧಾನವಾಗಿ ಏರುತ್ತಾ ಹೋಗಿ ಹೊಲದಲ್ಲೋ ಗೋಮಾಳದಲ್ಲೋ ಸೇರಿಬಿಡುತ್ತಿತ್ತು. ತಟ್ಟೆಯಂತಿದ್ದ ಅಂಥ ಕೆರೆಯನ್ನು ಸುತ್ತಲೂ ಏರಿ ಕಟ್ಟಿ ಬಟ್ಟಲು ಮಾಡಿದಾಗ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿ.ಮೀ. ನೀರು ಆವಿಯಾಗುತ್ತದೆ, ತಿಂಗಳಿಗೆ ಸುಮಾರು 20 ಸೆಂ.ಮೀ. ದಡದ ಇಳಿಜಾರು ನೂರು ಮೀಟರಿಗೆ ಒಂದು ಮೀಟರ್ ಇದ್ದರೆ, ಆ 20 ಸೆಂ.ಮೀ. ಇಳಿದಾಗ 20 ಮೀಟರ್ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ. ದಡ ಒಂದು ಕಿ.ಮೀ. ಉದ್ದವಿದ್ದರೆ ತಿಂಗಳಿಗೆ ಐದು ಎಕರೆ. ಎರಡಕ್ಕೆ ಒಂದರಂತೆ ಕಡಿದಾಗಿ ಕಟ್ಟಿದ ಏರಿಯಲ್ಲಿ ಅದೇ ತಿಂಗಳಲ್ಲಿ ತೆರೆದುಕೊಳ್ಳುವುದು 40 ಸೆಂ.ಮೀ. ಅಗಲ, ಒಂದು ಕಿ.ಮೀ. ಉದ್ದಕ್ಕೆ ನಾಲ್ಕೇ ಗುಂಟೆ. ಅದರ ಮೇಲೆ ಕಲ್ಲು ಹೊದಿಸಿದ್ದರೆ ಆ ನಾಲ್ಕು ಗುಂಟೆಯೂ ಇಲ್ಲ.

ಹೀಗೆ ದಿನವೂ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುವ ಕೆಸರಿನಲ್ಲಿ ಕೆಂಪು ಹುಳುಗಳು, ಬಸವನಹುಳುಗಳು, ಜಲಕೀಟಗಳ ಮರಿಗಳು ಕೊಕ್ಕಿಗೆ ಎಟುಕುವಷ್ಟು ಮೇಲೆ ಸಿಗುತ್ತವೆ. ನಾಲ್ಕೈದು ದಿನ ಕಳೆದರೆ ಅದೇ ಕೆಸರು ಗಟ್ಟಿಯಾಗಿ ಕೊಕ್ಕು ಇಳಿಯದು. ಆ ಹೊತ್ತಿಗೆ ಮುಂದಿನ ಪಟ್ಟಿ ತೆರೆದುಕೊಂಡಿರಬೇಕು. ತೂಬು ಪೂರ್ತಿ ಎತ್ತಿ ವಾರದಲ್ಲಿ ಕೆರೆ ಖಾಲಿ ಮಾಡಿದರೆ ಎಲ್ಲ ಕೆಸರೂ ಒಟ್ಟಿಗೇ ತೆರೆದು ಒಟ್ಟಿಗೇ ಒಣಗುತ್ತದೆ. ಹಕ್ಕಿಗೆ ಒಂದು ವಾರ ಸಮೃದ್ಧಿ, ಆಮೇಲೆ ಏನೂ ಇಲ್ಲ.

ಒಣಗಿದ ಕೆರೆಯಂಗಳವೂ ವ್ಯರ್ಥವಲ್ಲ. ಗಾಳಿ ತಾಗಿ ಕೊಳೆ ಕರಗುತ್ತದೆ, ಗರಿಕೆ, ಜೇಕು ಹಬ್ಬುತ್ತವೆ, ದನ ಮೇಯುತ್ತವೆ, ಟಿಟ್ಟಿಭ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮುಂಗಾರಿನಲ್ಲಿ ನೀರು ಏರಿದಾಗ ಮುಳುಗುವ ಆ ಹುಲ್ಲೇ ಮೀನುಮರಿ, ಗೊದಮೊಟ್ಟೆಗಳ ತೊಟ್ಟಿಲು. ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿರುವ ಕೆರೆಗೆ ಈ ಚಕ್ರ ತಪ್ಪಿಹೋಗುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಗಳಿಗೆ ನೀರು ಬಂತು, ಅದು ಸಣ್ಣ ಮಾತಲ್ಲ. ಆದರೆ ಹೀಗೆ ಹೊರಗಿನಿಂದ ತುಂಬಿಸುವ ಕೆರೆಗಳಲ್ಲಿ ಡಿಸೆಂಬರ್‌ನಿಂದ ಮೇ ವರೆಗೆ ಒಳಹರಿವನ್ನು ತಗ್ಗಿಸಿಯೋ ಸರದಿ ಮೇಲೆ ಬೇರೆ ಕೆರೆಗೆ ತಿರುಗಿಸಿಯೋ ಮಟ್ಟವನ್ನು ಮುಕ್ಕಾಲು ಮೀಟರ್‌ನಷ್ಟಾದರೂ ಇಳಿಯಬಿಡುವುದು ಒಳ್ಳೆಯದು. ನಾಲ್ಕು ಕೆರೆಗಳ ಸರಪಳಿಯಲ್ಲಿ ಒಂದಾದರೂ ಬೇಸಿಗೆಯಲ್ಲಿ ಅರ್ಧ ಒಣಗಿರಲಿ.

ಮೊದಲ ಕೆಲಸ ಕೆರೆಯ ಹೊರಗೆ

ಹೂಳೆತ್ತುವ ಮುನ್ನ ಹೂಳು ಎಲ್ಲಿಂದ ಬಂತು ಎಂದು ನೋಡದಿದ್ದರೆ ಕೆಲವೇ ಮಳೆಗಾಲದಲ್ಲಿ ಕೆರೆ ಮೊದಲಿನ ಸ್ಥಿತಿಗೆ ಬರುತ್ತದೆ. ಗ್ರಾಮ ನಕಾಶೆ ಹಿಡಿದು, ಸರ್ವೆಯರ್ ಜೊತೆಗೆ ಪ್ರತಿ ಕಾಲುವೆಯನ್ನೂ ಅದರ ಹುಟ್ಟಿನ ತನಕ ನಡೆದು ನೋಡಬೇಕು. ಕಾಲುವೆಗಳು ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ನೆಲ, ಎಂದು ಇರುತ್ತವೆ, ನೆಲದ ಮೇಲೆ ಅಡಿಕೆ ತೋಟವೋ ಲೇಔಟೋ ಆಗಿರುತ್ತವೆ. ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆಯವು ಪಂಚಾಯತ್ ವ್ಯವಸ್ಥೆಯಲ್ಲಿ ಬರುತ್ತವೆ. ಯಾರ ಬಳಿ ಹೋಗಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಒತ್ತುವರಿ ತೆರವಿಗೆ ಆಧಾರ ಕೊಡುತ್ತದೆ.

ಜಲಾನಯನದ ಗೋಮಾಳ, ಗುಡ್ಡಗಳಲ್ಲಿ ಒಂದು ಎಚ್ಚರ ಬೇಕು. ಮರವಿಲ್ಲದ ನೆಲವನ್ನೆಲ್ಲ ಪಾಳು ಎಂದುಕೊಂಡು ಗುಂಡಿ ತೋಡಿ ಸಸಿ ನೆಡುವುದು ದೊಡ್ಡ ತಪ್ಪು. ತುಮಕೂರು ಜಿಲ್ಲೆ ಮೈದನಹಳ್ಳಿಯ ಜಯಮಂಗಲಿ ಮೀಸಲಿನ ಕೃಷ್ಣಮೃಗಗಳು, ಕೊಪ್ಪಳ ಜಿಲ್ಲೆ ಬಂಕಾಪುರದ ತೋಳಗಳು ಬದುಕಿರುವುದು ಇಂಥ ಹುಲ್ಲುಗಾವಲು, ಕುರುಚಲು ನೆಲದಲ್ಲೇ. ಹುಲ್ಲಿನ ಬೇರು ಮೇಲ್ಮಣ್ಣನ್ನು ಹಿಡಿಯುವಷ್ಟು ಸಾಲಿನಲ್ಲಿ ನೆಟ್ಟ ಮರ ಹಿಡಿಯುವುದಿಲ್ಲ. ಅಲ್ಲಿ ಬೇಕಾದದ್ದು ಮಳೆಗಾಲದ ಎರಡು ಮೂರು ತಿಂಗಳು ಮೇವಿಗೆ ಬಿಡುವು, ಕೊರಕಲುಗಳಿಗೆ ಅಡ್ಡಲಾಗಿ ಮೊಣಕಾಲೆತ್ತರದ ಕಲ್ಲುಕಟ್ಟು, ಮತ್ತು ಹೊರಗಿನಿಂದ ಬಂದು ಹಬ್ಬಿದ ಗಿಡಗಳ ನಿವಾರಣೆ.

ಲಂಟಾನವನ್ನು ಮೇಲಿಂದ ಸವರಿದರೆ ಇಮ್ಮಡಿ ಚಿಗುರುತ್ತದೆ. ಕಾಂಡ ಮತ್ತು ಬೇರು ಸೇರುವ ಗಂಟಿನಲ್ಲೇ ಚಿಗುರುವ ಶಕ್ತಿ ಇರುವುದು. ಗುದ್ದಲಿ ಅಥವಾ ಪಿಕಾಸಿಯನ್ನು ಓರೆಯಾಗಿ ಹಾಕಿ, ನೆಲದಿಂದ ನಾಲ್ಕೈದು ಸೆಂ.ಮೀ. ಕೆಳಗೆ, ಗಂಟಿನ ಕೆಳಭಾಗದಲ್ಲಿ ತಾಯಿಬೇರು ಕಡಿಯಬೇಕು. ಪೊದೆಯನ್ನು ಎತ್ತಿ ಬೇರು ಮೇಲಾಗಿ ತಲೆಕೆಳಗೆ ಇಡಬೇಕು, ಇಲ್ಲದಿದ್ದರೆ ಮಣ್ಣು ತಾಗಿದ ಕಡೆ ಮತ್ತೆ ಬೇರು ಬಿಡುತ್ತದೆ. ಕಾಯಿ ಆಗುವ ಮೊದಲೇ ಈ ಕೆಲಸ ಮುಗಿಯಬೇಕು. ಮುಂದಿನ ಎರಡು ಮೂರು ಮಳೆಗಾಲ, ಹಕ್ಕಿಗಳು ಕೂತು ಹಿಕ್ಕೆ ಹಾಕುವ ಮರಗಳ ಕೆಳಗೆ ಹೋಗಿ ಎಳೆ ಸಸಿಗಳನ್ನು ಕೈಯಲ್ಲಿ ಕೀಳಬೇಕು. ಬಳ್ಳಾರಿ ಜಾಲಿಗೆ ಇನ್ನೂ ಆಳ: ಒಂದಡಿ ಬೇರುಭಾಗವನ್ನು ಅಗೆದು ತೆಗೆಯದಿದ್ದರೆ ಅದು ಸಾಯದು. ನೀಲಗಿರಿ ತೋಪು ಇದ್ದರೆ ಕಡಿದರೆ ಸಾಲದು, ಬೊಡ್ಡೆ ಕೀಳಬೇಕು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ, ಆದರೆ ಹಳೆಯ ಬೊಡ್ಡೆಗಳು ಚಿಗುರುತ್ತಲೇ ಇವೆ.

ಪಟ್ಟಣದ ಹತ್ತಿರದ ಕೆರೆಗಳಿಗೆ ಹೂಳಿಗಿಂತ ದೊಡ್ಡ ಸಮಸ್ಯೆ ಚರಂಡಿ ನೀರು. ಅದನ್ನು ಪೂರ್ತಿ ಬೇರೆ ಕಡೆ ತಿರುಗಿಸಿದರೆ ಮಳೆನೀರೂ ಅದರ ಜೊತೆ ಹೋಗಿ ಕೆರೆ ಬತ್ತುತ್ತದೆ. ಕಾಲುವೆ ಕೆರೆ ಸೇರುವ ಬಾಯಲ್ಲಿ ತಗ್ಗಾದ ಒಂದು ಅಡ್ಡಗಟ್ಟೆ ಹಾಕಿ, ಮಳೆಯಿಲ್ಲದ ದಿನದ ಸಣ್ಣ ಹರಿವು ಪಕ್ಕದ ಕೊಳವೆಗೆ, ಜೋರು ಮಳೆಯ ನೀರು ಗಟ್ಟೆ ಹಾರಿ ಕೆರೆಗೆ ಹೋಗುವಂತೆ ಮಾಡುವುದು ಒಂದು ದಾರಿ. ಚರಂಡಿ ನೀರನ್ನೇ ಶುದ್ಧ ಮಾಡಿ ಬಿಡುವುದು ಇನ್ನೊಂದು. ಬೆಂಗಳೂರಿನ ಜಕ್ಕೂರಿನಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುವಂತೆ ಮಾಡಿದ್ದರು. ಈ ಜೌಗಿನ ಅಳತೆಯನ್ನು ಸುಲಭವಾಗಿ ಅಂದಾಜು ಮಾಡಬಹುದು. ದಿನಕ್ಕೆ 10 ಲಕ್ಷ ಲೀಟರ್, ಎಂದರೆ ಸಾವಿರ ಘನ ಮೀಟರ್ ನೀರು, 40 ಸೆಂ.ಮೀ. ಆಳದಲ್ಲಿ ನಾಲ್ಕು ದಿನ ನಿಲ್ಲಬೇಕಾದರೆ ಒಂದು ಹೆಕ್ಟೇರ್, ಎರಡೂವರೆ ಎಕರೆ ಜಾಗ ಬೇಕು. ಜೌಗಿನ ಮುಂದೆ ಮರಳು, ಪ್ಲಾಸ್ಟಿಕ್ ತಡೆಯುವ ಒಂದು ಹೂಳುಗುಂಡಿಯನ್ನು ಟ್ರ್ಯಾಕ್ಟರ್ ಇಳಿಯುವಂತೆ ಇಳಿಜಾರಿನೊಂದಿಗೆ ಕಟ್ಟಬೇಕು. ವರ್ಷಕ್ಕೆರಡು ಸಲ ಜೊಂಡು ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ಯದೆ ಬಿಟ್ಟರೆ ಗಿಡ ಹೀರಿದ ಸಾರಜನಕ, ರಂಜಕವೆಲ್ಲ ಕೊಳೆತು ನೀರಿಗೇ ಮರಳುತ್ತವೆ. ಇಂಥ ಜೌಗುಗಳು ಕೆಡುವುದು ಬಹುಪಾಲು ಈ ಕಾರಣಕ್ಕೇ.

ಹೂಳು ಎಷ್ಟು, ಎಲ್ಲಿ, ಯಾವಾಗ

ಒಂದು ಎಕರೆಯಲ್ಲಿ ಒಂದಡಿ ಹೂಳೆಂದರೆ ಸುಮಾರು 1,230 ಘನ ಮೀಟರ್. ಮೂರು ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಸುಮಾರು 410 ಲೋಡು. ಇಷ್ಟು ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಅದು ಕೆರೆಯ ಅಂಚಿಗೇ ಬೀಳುತ್ತದೆ. ಸುತ್ತೇರಿ ಹುಟ್ಟುವುದು ಎಷ್ಟೋ ಸಲ ವಿನ್ಯಾಸದಿಂದಲ್ಲ, ಸಾಗಿಸುವ ಖರ್ಚು ಉಳಿಸುವುದಕ್ಕೆ. ಹಳ್ಳಿಯ ಕೆರೆಗಾದರೆ ದಾರಿ ಇದೆ: ಕೆರೆಗೋಡು, ಎಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಒಳ್ಳೆಯದು. ಒಂದು ಎಕರೆಗೆ ಒಂದಂಗುಲ ದಪ್ಪ ಹರಡಲು ನೂರು ಘನ ಮೀಟರ್, ಮೂವತ್ತಮೂರು ಮೂವತ್ತನಾಲ್ಕು ಲೋಡು ಬೇಕು. ಕಾರ್ಖಾನೆ ನೀರು ಬಂದ ಕೆರೆಯಾದರೆ ಹೊಲಕ್ಕೆ ಹಾಕುವ ಮುನ್ನ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸಲೇಬೇಕು.

ಅಗೆಯುವುದು ಏರಿಯ ಕಡೆಯ ಆಳದ ಭಾಗದಲ್ಲಿ. ಏರಿಯ ಬುಡದಿಂದ ಹದಿನೈದು ಇಪ್ಪತ್ತು ಮೀಟರ್ ಬಿಟ್ಟು ಶುರು ಮಾಡಬೇಕು, ಬುಡ ಸಡಿಲವಾದರೆ ಏರಿಯೇ ಜಾರುತ್ತದೆ. ಹೂಳಿನ ಕೆಳಗೆ ಜೇಡಿಯ ಪದರ ಇರುತ್ತದೆ, ಕೆರೆ ನೀರು ಹಿಡಿಯುವುದು ಅದರಿಂದ. ಅದನ್ನು ದಾಟಿ ಮೊರಂ ಕಾಣುವ ತನಕ ತೋಡಿದರೆ ನೀರು ನಿಲ್ಲುವುದಿಲ್ಲ. ಕೆಲಸ ಶುರುವಾಗುವ ಮುನ್ನ ಐದಾರು ಕಡೆ ಪರೀಕ್ಷಾಗುಂಡಿ ತೆಗೆದು ಪದರದ ಆಳ ಗುರುತು ಮಾಡಿಕೊಂಡರೆ ಜೆಸಿಬಿ ಓಡಿಸುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳಬಹುದು. ಮಣ್ಣು ಮಾರುವವರಿಗೆ ಗುತ್ತಿಗೆ ಹೋದರೆ ಜೇಡಿಪದರವೇ ಇಟ್ಟಿಗೆ ಗೂಡಿಗೆ ಹೋಗುತ್ತದೆ, ಅಂಗಳದಲ್ಲಿ ಕಡಿದಾದ ಗುಂಡಿಗಳು ಉಳಿದು ದನ, ಮಕ್ಕಳು ಮುಳುಗುವಂತಾಗುತ್ತದೆ.

ಅಂಗಳದ ಮೇಲಿನ ಹತ್ತು ಹದಿನೈದು ಸೆಂ.ಮೀ. ಮಣ್ಣನ್ನು ಹೂಳೆಂದು ಎಣಿಸಬಾರದು. ಜಲಸಸ್ಯಗಳ ಬೀಜ, ಸಣ್ಣ ಸಿಗಡಿಜಾತಿಯ ಜೀವಿಗಳ ಮೊಟ್ಟೆ, ಬೇಸಿಗೆ ಕಳೆಯಲು ಹುದುಗಿದ ಬಸವನಹುಳು, ಕಪ್ಪೆಗಳು ಇರುವುದು ಅದರಲ್ಲೇ. ಅದನ್ನು ಬೇರೆಯಾಗಿ ಗುಡ್ಡೆ ಹಾಕಿ, ಅಗೆತ ಮುಗಿದ ಮೇಲೆ ತೆಳು ನೀರಿನ ಅಂಚಿಗೆ ಹರಡಬೇಕು. ಇಷ್ಟು ಮಾಡಿದರೆ ನೈದಿಲೆ, ಜೇಕು ತಂದು ನೆಡುವ ಖರ್ಚು ಬಹುಪಾಲು ಉಳಿಯುತ್ತದೆ, ಮೊದಲ ಮಳೆಗೇ ತಾವಾಗಿ ಹುಟ್ಟುತ್ತವೆ. ದೊಡ್ಡ ಕೆರೆಯನ್ನು ಒಂದೇ ಬೇಸಿಗೆಯಲ್ಲಿ ಬೋಳಿಸದೆ ಮೂರು ಪಾಲು ಮಾಡಿ ಮೂರು ವರ್ಷದಲ್ಲಿ ಮುಗಿಸುವುದು ಉತ್ತಮ. ಮುಟ್ಟದ ಪಾಲಿನಿಂದ ಜೀವಿಗಳು ಹೊಸ ಪಾಲಿಗೆ ಹರಡುತ್ತವೆ. ಅನುದಾನ ಮಾರ್ಚ್‌ಗೆ ಮುಗಿಯಬೇಕೆಂಬ ಅವಸರದಲ್ಲಿ ಇದು ಸುಲಭವಲ್ಲ, ಆದರೂ ಕ್ರಿಯಾಯೋಜನೆಯಲ್ಲಿ ಹಂತಗಳೆಂದು ಬರೆಸಿಕೊಂಡರೆ ಸಾಧ್ಯ.

ಕಾಲದ ತೊಡಕು ಇನ್ನೊಂದಿದೆ. ಹೂಳೆತ್ತಲು ಅನುಕೂಲವಾದ ಫೆಬ್ರವರಿಯಿಂದ ಮೇ ತಿಂಗಳೇ ಬಯಲುಸೀಮೆಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮರಿ ಸಾಕುವ ಕಾಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಂತೆ ಊರೊಳಗಿನ ಮರಗಳಲ್ಲಿ ಗೂಡಿದ್ದರೂ ಮೀನು ತರುವುದು ಸುತ್ತಲಿನ ಕೆರೆ, ಹೊಳೆಗಳಿಂದ. ಗೂಡುಗಳಿರುವ ಊರಿನ ಸುತ್ತಮುತ್ತ ಎಲ್ಲ ಕೆರೆಗಳನ್ನೂ ಒಂದೇ ವರ್ಷ ಖಾಲಿ ಮಾಡಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಗೂಡಿರುವ ಕೆರೆಯಲ್ಲೇ ಕೆಲಸವಿದ್ದರೆ ಕೊನೆಯ ಮರಿ ಹಾರಿದ ಮೇಲೆ, ಮಳೆ ಹಿಡಿಯುವ ಮುಂಚೆ ಸಿಗುವ ಕೆಲವೇ ವಾರಗಳನ್ನು ಬಳಸಿಕೊಳ್ಳಬೇಕು.

ದ್ವೀಪ, ಮರ, ಜೊಂಡು

ದ್ವೀಪ ಕಟ್ಟುವವರು ಸಾಮಾನ್ಯವಾಗಿ ಮಾಡುವ ತಪ್ಪು ಅದನ್ನು ಎತ್ತರದ ದಿಬ್ಬವಾಗಿ, ಕಡಿದಾದ ಅಂಚಿನೊಂದಿಗೆ ಕಟ್ಟುವುದು. ಎರಡು ಮಳೆಗೆ ಅದು ಕುಸಿಯುತ್ತದೆ. ದ್ವೀಪದ ಅಂಚೂ ಹತ್ತಕ್ಕೆ ಒಂದರಂತೆ ಇಳಿಯಬೇಕು, ನೆತ್ತಿ ಕೋಡಿ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ ಸಾಕು. ದಡದಿಂದ ಮೂವತ್ತು ಮೀಟರಿಗೂ ದೂರವಿದ್ದು, ನಡುವಿನ ನೀರು ಏಪ್ರಿಲ್‌ನಲ್ಲೂ ಒಂದು ಮೀಟರ್ ಆಳ ಉಳಿಯಬೇಕು. ನಡುವೆ ನೆಲ ಒಣಗಿತೆಂದರೆ ನಾಯಿ ನಡೆದು ಹೋಗಿ ಒಂದೇ ರಾತ್ರಿಯಲ್ಲಿ ಗೂಡುಗಳನ್ನೆಲ್ಲ ಹಾಳುಮಾಡುತ್ತದೆ.

ಗೂಡು ಕಟ್ಟುವ ಹಕ್ಕಿಗಳು ಬೇಕಿದ್ದರೆ ಕರಿಜಾಲಿಗಿಂತ ಒಳ್ಳೆಯ ಮರ ಬಯಲುಸೀಮೆಯ ಕೆರೆಗೆ ಸಿಗದು. ತಿಂಗಳುಗಟ್ಟಲೆ ನೀರಿನಲ್ಲಿ ನಿಂತರೂ ಸಾಯುವುದಿಲ್ಲ, ಮುಳ್ಳು ಕಾವಲು ಕೊಡುತ್ತದೆ, ಕವಲುಕೊಂಬೆ ಗೂಡಿನ ಭಾರ ಹೊರುತ್ತದೆ. ಬೀಜದ ಸಿಪ್ಪೆ ಗಟ್ಟಿ, ಕುದಿ ಇಳಿದ ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಕಾಯಿ ತಿಂದ ಆಡಿನ ಕೊಟ್ಟಿಗೆಯಲ್ಲಿ ಸಿಗುವ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಐದು ಮೀಟರ್ ಅಂತರ ಕೊಡಿ. ಸಸಿ ಮುಳುಗುವ ಎತ್ತರ ದಾಟುವ ತನಕ, ಮೊದಲೆರಡು ವರ್ಷ, ನೆಟ್ಟ ದಿಬ್ಬ ನೀರಿನ ಮೇಲಿರಬೇಕು. ಒಮ್ಮೆ ಗೂಡುಗಳು ಕಿಕ್ಕಿರಿದ ಮೇಲೆ ಹಿಕ್ಕೆಯ ಖಾರಕ್ಕೆ ಮರಗಳು ವರ್ಷ ವರ್ಷ ಸೊರಗುತ್ತವೆ. ಆದ್ದರಿಂದ ಏಳೆಂಟು ವರ್ಷಕ್ಕೊಮ್ಮೆ ಪಕ್ಕದಲ್ಲೇ ಹೊಸ ತಂಡ ನೆಡುವ ಏರ್ಪಾಡು ಬೇಕು. ದಡದಲ್ಲಿ ಹೊಳೆಮತ್ತಿ, ಹೊಂಗೆ, ಅತ್ತಿ, ಲಕ್ಕಿ ಗಿಡಗಳು ಗುಂಪುಗುಂಪಾಗಿ ಇರಲಿ. ಸುತ್ತಲೂ ಗೋಡೆಯಂತೆ ಸಾಲು ಹಾಕಿದರೆ ಕೆಸರಿನ ಹಕ್ಕಿಗಳು ಹೆದರುತ್ತವೆ, ಮರದ ಮೇಲೆ ಹದ್ದು ಕೂತಿರಬಹುದೆಂಬ ಅಂಜಿಕೆ ಅವಕ್ಕೆ.

ಜೊಂಡು ಒಂದಿಷ್ಟು ಬೇಕು. ನೇರಳೆ ಜಂಬುಕೋಳಿ, ಹುಂಡುಕೋಳಿ, ಗೀಜಗಗಳ ಮನೆ ಅದು. ನೀರಿನ ಮೂರನೇ ಒಂದು ಪಾಲಿಗಿಂತ ಹೆಚ್ಚಾದಾಗ ಕಡಿಯಬೇಕು. ಕಡಿಯುವ ರೀತಿ ಮುಖ್ಯ: ಜೊಂಡಿನ ಗೆಡ್ಡೆ ಕೆಸರಿನೊಳಗೆ ಉಸಿರಾಡುವುದು ನೀರಿನ ಮೇಲೆ ನಿಂತ ದಂಟಿನ ಮೂಲಕ, ಒಣಗಿದ ದಂಟಾದರೂ ಸರಿ. ನೀರಿನ ಮೇಲೆ ಕಡಿದರೆ ಕೊಳವೆ ತೆರೆದೇ ಇರುತ್ತದೆ, ಮತ್ತೆ ಚಿಗುರುತ್ತದೆ. ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಕಡಿದು, ಕೆಲವು ವಾರ ನೀರು ಇಳಿಯದಂತೆ ನೋಡಿಕೊಂಡರೆ ಗೆಡ್ಡೆ ಉಸಿರುಕಟ್ಟಿ ಕೊಳೆಯುತ್ತದೆ. ಹೂಗೊನೆ ಬಂದು ಬೀಜ ಹಾರುವ ಮುಂಚಿನ ಸಮಯ ಇದಕ್ಕೆ ಸರಿ.

ನೀರಿನ ಮೇಲೆ ತೇಲುವ ನೇರಳೆ ಹೂವಿನ ಕಳೆ, ಊರೂರಲ್ಲಿ ಅಂತರಗಂಗೆ ಎಂದೇ ಕರೆಯುವುದು, ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಮೇಲೆ ಜೀವಂತ ಇರುತ್ತದೆ. ಚರಂಡಿ ನೀರು ನಿಲ್ಲಿಸದೆ ಕಳೆ ತೆಗೆಯುವ ಯಂತ್ರ ಕೊಂಡರೆ ಅದು ಮುಗಿಯದ ಖರ್ಚು. ತೆಗೆದ ರಾಶಿಯನ್ನು ಕೋಡಿ ಮಟ್ಟಕ್ಕಿಂತ ಮೇಲೆ, ಸೋರಿದ ನೀರು ಕೆರೆಗೆ ಹಿಂದಿರುಗದ ಕಡೆ ಗೊಬ್ಬರ ಮಾಡಬೇಕು. ಈ ಕಳೆಯನ್ನಷ್ಟೇ ತಿನ್ನುವ ಸೊಂಡಿಲು ಕೀಟಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲೇ ಬಿಟ್ಟು ಪ್ರಯೋಗ ಮಾಡಲಾಗಿತ್ತು. ಫಲ ಕಾಣಲು ಎರಡು ಮೂರು ವರ್ಷ ಬೇಕು, ನಡುವೆ ಕಳೆಯನ್ನೆಲ್ಲ ಬಾಚಿ ತೆಗೆದರೆ ಕೀಟವೂ ಹೋಗುತ್ತದೆ.

ದನ, ಮೀನು, ನಾಯಿ, ಜನ

ಬೇಲಿ ಹಾಕಿ ದನಗಳನ್ನು ಹೊರಗಿಟ್ಟರೆ ಹಕ್ಕಿಗೆ ಒಳ್ಳೆಯದು ಎಂಬ ನಂಬಿಕೆ ಭರತಪುರದಲ್ಲಿ ಬುಡಮೇಲಾಯಿತು. ರಾಜಸ್ಥಾನದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ, ದನ ಮೇಯಿಸುವುದನ್ನು ನಿಲ್ಲಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನದಲ್ಲಿ ಕಂಡದ್ದು, ಎಮ್ಮೆಗಳಿಲ್ಲದೆ ಒಂದು ಜಾತಿಯ ನೀರುಹುಲ್ಲು ತೆರೆದ ನೀರನ್ನೆಲ್ಲ ಮುಚ್ಚಿ, ಬಾತುಗಳಿಗೂ ಮೀನುಗಳಿಗೂ ಜಾಗ ಇಲ್ಲದಂತೆ ಮಾಡಿತು ಎಂಬುದನ್ನು. ನಮ್ಮ ಕೆರೆಗಳಲ್ಲೂ ಮಿತವಾದ ಮೇವು ಅಂಚನ್ನು ತೆರೆದಿಡುತ್ತದೆ. ನೆಲಗೂಡು ಕಟ್ಟುವ ತಿಂಗಳುಗಳಲ್ಲಿ ಒಂದು ಬದಿಯನ್ನು ಬಿಟ್ಟುಕೊಡುವಂತೆ ದನ ಕಾಯುವವರ ಜೊತೆ ಮಾತಾಡಿಕೊಂಡರೆ ತಂತಿಬೇಲಿಯ ಅಗತ್ಯವೇ ಬೀಳದು.

ಮೀನಿನ ಗುತ್ತಿಗೆಯಲ್ಲಿ ಎರಡು ಷರತ್ತು ಸೇರಿಸಿದರೆ ಅರ್ಧ ಗೆದ್ದಂತೆ. ಹುಲ್ಲುಗೆಂಡೆ ಮೀನು ನೀರೊಳಗಿನ ಸಸ್ಯಗಳನ್ನೆಲ್ಲ ತಿಂದು ಮುಗಿಸುತ್ತದೆ, ಸಾಮಾನ್ಯ ಗೆಂಡೆ ಕೆಸರು ಕೆದಕಿ ನೀರನ್ನು ಸದಾ ರಾಡಿ ಮಾಡುತ್ತದೆ. ಬೆಳಕು ಇಳಿಯದ ನೀರಿನಲ್ಲಿ ಸಸ್ಯ ಬೆಳೆಯದು, ಸಸ್ಯ ಇಲ್ಲದಿದ್ದರೆ ಬಾತುಗಳಿಗೆ ಮೇವಿಲ್ಲ. ಈ ಎರಡು ಮೀನುಗಳನ್ನು ಕೆರೆಗೆ ಬಿಡಬಾರದು ಎಂಬುದು ಒಂದು ಷರತ್ತು. ಇನ್ನೊಂದು, ಕೆರೆಯ ಮೂರನೇ ಒಂದು ಭಾಗದಲ್ಲಿ ಬಲೆ ಹಾಕಬಾರದು. ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೆರೆಗೆ ಸೇರಿದ್ದರೆ ಕೆಸರಿನಲ್ಲೂ ಬದುಕುವ ಅದನ್ನು ತೆಗೆಯಲು ಕೆರೆ ಪೂರ್ತಿ ಒಣಗಿಸುವುದೊಂದೇ ಭರವಸೆಯ ದಾರಿ. ಕೊರವದಂಥ ನಮ್ಮ ಮೀನುಗಳನ್ನು ಮೊದಲು ತೊಟ್ಟಿಗೆ ಸಾಗಿಸಿ ಉಳಿಸಿಕೊಳ್ಳಬೇಕು.

ನಡಿಗೆದಾರಿ ಬೇಕೆಂದು ಜನ ಕೇಳುವುದು ಸಹಜ, ಕೆರೆಯನ್ನು ದಿನವೂ ನೋಡುವ ಜನರೇ ಅದರ ಕಾವಲು. ಆದರೆ ದಾರಿ ಕೆರೆಯ ಅರ್ಧ ಸುತ್ತಿಗೆ, ಏರಿಯ ಮೇಲೆ, ಮುಗಿಯಲಿ. ಉಳಿದರ್ಧ ದಡ ದೀಪವಿಲ್ಲದೆ, ದಾರಿಯಿಲ್ಲದೆ ಇರಲಿ. ಕಸದ ರಾಶಿ ಇರುವ ಕಡೆ ನಾಯಿ ಇರುತ್ತದೆ, ನಾಯಿ ಇರುವ ಕಡೆ ನೆಲಗೂಡು ಉಳಿಯದು. ಹಾಗಾಗಿ ಕಸ ಎತ್ತಿಸುವುದೂ ಹಕ್ಕಿ ರಕ್ಷಣೆಯ ಕೆಲಸವೇ.

ಸರಿಹೋಗುತ್ತಿದೆಯೇ ಎಂದು ತಿಳಿಯುವುದು ಹೇಗೆ

ತೂಬಿನ ಬಳಿ ಸೆಂ.ಮೀ. ಗುರುತಿನ ಅಳತೆಕಂಬ ನಿಲ್ಲಿಸಿ ವಾರಕ್ಕೊಮ್ಮೆ ಬರೆದಿಡಿ. 20 ಸೆಂ.ಮೀ. ಅಗಲದ ಕಪ್ಪುಬಿಳುಪು ತಟ್ಟೆಯನ್ನು ದಾರಕ್ಕೆ ಕಟ್ಟಿ ಇಳಿಸಿದಾಗ ಎಷ್ಟು ಆಳಕ್ಕೆ ಕಾಣದಾಗುತ್ತದೆ ಎಂಬುದು ನೀರಿನ ತಿಳಿತನದ ಅಳತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ವರ್ಗದ ಪ್ರಕಾರ ಮೀನು, ವನ್ಯಜೀವಿಗಳಿಗೆ ಲೀಟರಿಗೆ 4 ಮಿ.ಗ್ರಾಂ. ಕರಗಿದ ಆಮ್ಲಜನಕವಾದರೂ ಬೇಕು. ಇದನ್ನು ಅಳೆಯಬೇಕಾದದ್ದು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುನ್ನ. ಪಾಚಿ ತುಂಬಿದ ಹಸಿರು ಕೆರೆ ಮಧ್ಯಾಹ್ನ ಹತ್ತು ದಾಟಿದ ಅಂಕಿ ತೋರಿಸಬಹುದು. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರಿ ಜಾವದ ಹೊತ್ತಿಗೆ ಒಂದಕ್ಕೆ ಇಳಿದಿರುತ್ತದೆ. ಬೇಸಿಗೆಯ ಮೊದಲ ಮಳೆ ಚರಂಡಿಯ ಕೊಳೆಯನ್ನೆಲ್ಲ ತೊಳೆದು ತಂದಾಗ ಮೀನುಗಳು ರಾಶಿರಾಶಿ ಸಾಯುವುದೂ ಆಮ್ಲಜನಕ ಹೀಗೆ ಕುಸಿಯುವುದರಿಂದ. ಆ ಮೊದಲೆರಡು ಮಳೆಯ ನೀರನ್ನು ಕೆರೆಗೆ ಬಿಡದೆ ಸಾಗಹಾಕುವ ವ್ಯವಸ್ಥೆ ಇದ್ದರೆ ಒಳ್ಳೆಯದು.

ಹಕ್ಕಿ ಎಣಿಕೆ ತಿಂಗಳಿಗೊಮ್ಮೆ, ಅದೇ ನಾಲ್ಕೈದು ಜಾಗಗಳಿಂದ, ಅದೇ ಹೊತ್ತಿಗೆ ಆಗಬೇಕು. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ಅದೇ ಅಂಕಿ ಕೊಡಬಹುದು. ಒಟ್ಟು ಎಷ್ಟು ಹಕ್ಕಿ ಎಂಬುದಕ್ಕಿಂತ ಯಾವ ಆಳದ ಹಕ್ಕಿ ಬಂದಿಲ್ಲ ಎಂದು ನೋಡಿ. ನೀರುಕಾಗೆ ಹೆಚ್ಚಿದ್ದು ಗೊರವ ಇಲ್ಲವೆಂದರೆ ಅಂಚು ಕಡಿದಾಗಿದೆ. ಮೆಟ್ಟುಗಾಲು ಹಕ್ಕಿಯೊಂದೇ ನೂರಾರು ಇದ್ದು ಬೇರೆ ಕೆಸರಿನ ಹಕ್ಕಿ ವಿರಳವಾದರೆ ಚರಂಡಿ ನೀರು ಸೇರುತ್ತಿರಬಹುದು, ಅದು ಕೊಳಕು ನೀರಿಗೂ ಒಗ್ಗುವ ಹಕ್ಕಿ. ನಾಮದ ಕೋಳಿ ಇದ್ದು ದೇವನಕ್ಕಿ ಇಲ್ಲವೆಂದರೆ ತೇಲೆಲೆ ಸಸ್ಯಗಳು ಇನ್ನೂ ಬಂದಿಲ್ಲ, ಹುಲ್ಲುಗೆಂಡೆ ಇದೆಯೇ ಎಂದು ವಿಚಾರಿಸಿ.

ಮೊದಲ ಮಳೆಗೇ ಏರೋಪ್ಲೇನ್ ಚಿಟ್ಟೆ, ಕಪ್ಪೆ ಬರುತ್ತವೆ. ಅವುಗಳ ಬೆನ್ನಿಗೆ ನೀರೊಳ್ಳೆ ಹಾವು, ಕೊಳದ ಬಕ, ಮಿಂಚುಳ್ಳಿ. ವಲಸೆಯ ಗೊರವಗಳು ಅಂಚು ಸರಿಯಿದ್ದರೆ ಅದೇ ಚಳಿಗಾಲಕ್ಕೆ ಇಳಿಯಬಹುದು. ನೀರೊಳಗಿನ ಸಸ್ಯಗಳು ನೆಲೆಯೂರಿ ಬಾತುಗಳು ನಿಲ್ಲಲು ಎರಡು ಮೂರು ವರ್ಷ, ಜಾಲಿ ಬೆಳೆದು ಗೂಡು ಬರಲು ಅದಕ್ಕಿಂತ ಎಷ್ಟೋ ಹೆಚ್ಚು.

ಬೇಸಿಗೆಯ ಕೊನೆಯಲ್ಲಿ, ನೀರು ತೆಳುವಾಗಿ ಬೆಚ್ಚಗಾದಾಗ, ವಾರಕ್ಕೆರಡು ಸಲ ದಡ ಸುತ್ತಿ ಸತ್ತ ಹಕ್ಕಿ, ಮೀನುಗಳನ್ನು ಎತ್ತುವ ಒಬ್ಬರಾದರೂ ಇರಬೇಕು. ಆಮ್ಲಜನಕವಿಲ್ಲದ ಬೆಚ್ಚಗಿನ ಕೊಳೆಯಲ್ಲಿ ಬೊಟುಲಿಸಂ ವಿಷ ಹುಟ್ಟುತ್ತದೆ. ಹೆಣದ ಹುಳುವನ್ನು ಇನ್ನೊಂದು ಹಕ್ಕಿ ತಿಂದು ಅದೂ ಸಾಯುತ್ತದೆ, ಹೀಗೆ ಸರಪಳಿ ಬೆಳೆಯುತ್ತದೆ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಇದರಿಂದಲೇ. ಕತ್ತು ಎತ್ತಲಾಗದೆ, ರೆಕ್ಕೆ ಇಳಿಬಿಟ್ಟು ಕೂತ ಹಕ್ಕಿ ಕಂಡರೆ ಆ ದಿನವೇ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಿ. ಹೆಣಗಳನ್ನು ಕೈಗವಸು ಹಾಕಿಕೊಂಡು ಎತ್ತಿ, ಕೋಡಿ ಮಟ್ಟಕ್ಕಿಂತ ಮೇಲೆ ನಾಲ್ಕಡಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು.